ಹಗೇವಿನ ಕ್ಯಾಸೆಟ್ಟು

ಮೊನ್ನೆ ಮೊಮ್ಮಗಳು ಒಂದು ಗ್ರಾಮಫೋನ್ ತಟ್ಟೆ ಹಿಡಿದುಕೊಂಡು ಬಂದಳು. ಹೊಚ್ಚ ಹೊಸದು. ಈ ಕಾಲದಲ್ಲೂ ತಟ್ಟೆ ಮಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಯಾರೋ ಕೆಲವು ಹುಡುಗರು ಕೂಡಿ, ದೊಡ್ಡ ಕಂಪನಿಯ ಹಂಗಿಲ್ಲದೆ, ತಾವೇ ಹಾಡಿ, ತಾವೇ ಅಚ್ಚು ಹಾಕಿಸಿ, ತಾವೇ ಮಾರುವುದಂತೆ. “ಇದಕ್ಕ ಗ್ಯಾರೇಜ್ ಪಂಕ್ ಅಂತಾರ ತಾತ” ಎಂದು ನನಗೇ ಪಾಠ ಹೇಳಿದಳು. ಬಳ್ಳಾರಿಯ ಲಾರಿ ಗ್ಯಾರೇಜಿನಲ್ಲಿ ಅರ್ಧ ಆಯುಷ್ಯ ಸವೆಸಿದವನಿಗೆ ಗ್ಯಾರೇಜ್ ಅಂದರೇನು ಅಂತ ಇವಳು ಹೇಳಬೇಕು ನೋಡಿ! ಬೈಯೋಣವೆಂದೇ ಅದರ ಕವರನ್ನು ಕೈಗೆ ತೆಗೆದುಕೊಂಡೆ. ರಟ್ಟಿನ ಮೇಲೆ ಕೈಯಿಂದ ಒತ್ತಿದ ನೇರಳೆ ಬಣ್ಣದ ಮುದ್ರೆ. ಮೂಗಿನ ಹತ್ತಿರ ತಂದರೆ ರಬ್ಬರ್ ಸ್ಟಾಂಪಿನ ಮಸಿಯ ವಾಸನೆ... ಬೈಯುವುದು ಮರೆತೇಹೋಯಿತು. ಕುರುಗೋಡಿನ ಮೈಕಿನ ಮಾವ ನೆನಪಾದ.

ಮಾವ ಅಂದರೆ ಸಂಬಂಧದ ಮಾವನಲ್ಲ. ಮದುವೆ, ಭಾಷಣ, ಬಯಲಾಟ, ಯಾವುದಕ್ಕಾದರೂ ಮೈಕ್ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದವನು. ಊರಿಗೆಲ್ಲ ಅವನು ಮೈಕಿನ ಮಾವ, ಅವನ ಹೆಂಡತಿ ಊರಿಗೆಲ್ಲ ಅತ್ತೆ. ಎಂಬತ್ತರ ದಶಕದ ಶುರುವಿನ ಮಾತು. ಮೈಕಿನ ಬ್ಯಾಟರಿ ಚಾರ್ಜಿಗೆಂದು ನಮ್ಮ ಗ್ಯಾರೇಜಿಗೆ ಬರುತ್ತಿದ್ದ. ಅಲ್ಲಿ ನಾವು ಮೂವರು ಮೆಕ್ಯಾನಿಕ್ಕುಗಳು ಊಟದ ಹೊತ್ತಿನಲ್ಲಿ ಗದ್ದಲ ಎಬ್ಬಿಸುತ್ತಿದ್ದೆವು. ಒಬ್ಬನ ಹತ್ತಿರ ರೈಲ್ವೆ ಕಾಲೊನಿಯವರು ಬಿಟ್ಟುಹೋದ ಕರೆಂಟಿನ ಗಿಟಾರ್, ಇನ್ನೊಬ್ಬನಿಗೆ ಖಾಲಿ ಆಯಿಲ್ ಡ್ರಮ್ಮು, ನನಗೆ ಬಾಯಿ. ಅದನ್ನು ಹಾಡು ಅನ್ನುತ್ತಿದ್ದವರು ಜಗತ್ತಿನಲ್ಲಿ ನಾವು ಮೂವರೇ. “ನೀರಿಲ್ಲ ನೆರಳಿಲ್ಲ, ಓನರಿಗೆ ಕರುಳಿಲ್ಲ” ಅಂತ ನಾನು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಓನರ್ ಊಟಕ್ಕೆ ಮನೆಗೆ ಹೋದಮೇಲೆ ಮಾತ್ರ, ಅದು ಬೇರೆ ಮಾತು.

ಮಾವ ಒಂದು ದಿನ ಬ್ಯಾಟರಿಯ ಮೇಲೆಯೇ ಕೂತು ಪೂರ್ತಿ ಕೇಳಿದ. ಆಮೇಲೆ, “ಲೇ, ಇದನ್ನ ಕ್ಯಾಸೆಟ್ ಮಾಡೋಣೇನ್ರಲೇ?” ಅಂದ.

“ಯಾರು ತೊಗೊಂತಾರ ಮಾವ?”

“ನಾವು ಮಾಡೋದು ಮಾಡೋಣು. ತೊಗೊಳ್ಳಾರು ತೊಗೊಂತಾರ.”

ಹೀಗೆ ನಮ್ಮ ಕಂಪನಿ ಶುರುವಾಯಿತು. ಮಾವ ಹಳೆಯ ಚಪ್ಪಲಿಯ ಅಟ್ಟೆ ಕೊಯ್ದು ಬಾವಲಿಯ ಚಿತ್ರ ಕೆತ್ತಿದ. ಅದನ್ನು ನೇರಳೆ ಮಸಿಯಲ್ಲಿ ಅದ್ದಿ ಒಂದೊಂದು ಕ್ಯಾಸೆಟ್ಟಿನ ಮೇಲೂ ಒತ್ತುವುದು. ಸಿರುಗುಪ್ಪದ ಅಂಗಡಿಗೆ ಒಯ್ದಾಗ ಅಂಗಡಿಯವನು ಮುಟ್ಟಲೂ ಇಲ್ಲ. “ಬಾವಲಿ ಇಟಗೊಂಡು ಯಾಪಾರ ಮಾಡು ಅಂತೀರೇನು? ಮೊದ್ಲು ಮೆಟ್ಟಲ ಇಳೀರಿ” ಅಂದ. ತೆಕ್ಕಲಕೋಟೆಯ ಚಹಾದಂಗಡಿಯಲ್ಲಿ ಮಾತ್ರ ನಮ್ಮ ಕ್ಯಾಸೆಟ್ಟು ಬೆಳಗಿನಿಂದ ಸಂಜೆಯವರೆಗೆ ಅರಚುತ್ತಿತ್ತು. ಲಾರಿ ಡ್ರೈವರುಗಳು ನಿದ್ದೆ ಬಾರದಿರಲಿ ಎಂದು ಕೊಂಡುಕೊಳ್ಳುತ್ತಿದ್ದರು. ನಮಗಂತೂ ಆಕಾಶ ಮೂರೇ ಗೇಣು.

ಡ್ರೈವರುಗಳಿಗೆ ಹಿಡಿಸಿದ್ದು ನನ್ನ ದನಿಯಲ್ಲ, ಅದರ ಹಿಂದೆ ಬರುತ್ತಿದ್ದ ಮರುದನಿ. ಆ ಮರುದನಿ ಮಾವನ ಉಪಾಯ. ಅವನ ಮನೆಯ ಮುಂದಿನ ತಗಡಿನ ಷೆಡ್ಡಿನಲ್ಲಿ ಒಂದು ಹಗೇವಿತ್ತು. ಜೋಳ ತುಂಬಿಡಲು ಹಿಂದಿನವರು ನೆಲದೊಳಗೆ ತೋಡಿದ ಕಣಜ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಮಾತ್ರ ಗುಡಾಣದಂತೆ ಅಗಲ. ಎಷ್ಟೋ ವರ್ಷದಿಂದ ಖಾಲಿ, ಮೇಲೆ ಬಂಡೆ. ಮಾವ ಆ ಬಂಡೆ ಸರಿಸಿ ಒಳಗೆ ಒಂದು ಸ್ಪೀಕರು, ಒಂದು ಮೈಕು ಇಳಿಬಿಟ್ಟ. ನಾನು ಮೇಲೆ ಕೂಗಿದ್ದು ಸ್ಪೀಕರಿನಿಂದ ಕೆಳಗೆ ಹೋಗಿ, ಗೋಡೆಗಳನ್ನೆಲ್ಲ ಸುತ್ತಿ, ಮೈಕಿನ ಮೂಲಕ ಮೇಲೆ ಬರುತ್ತಿತ್ತು. ಹೋಗುವಾಗ ನನ್ನ ದನಿ. ಬರುವಾಗ ಅದು ನನ್ನದೆಂದು ಹೇಳಲು ನನಗೇ ಧೈರ್ಯವಾಗುತ್ತಿರಲಿಲ್ಲ.

ರೆಕಾರ್ಡಿಂಗು ಯಾವಾಗಲೂ ಸುಡು ಮಧ್ಯಾಹ್ನ. ಓಣಿಯಲ್ಲಿ ನಾಯಿ ಕೂಡ ಓಡಾಡದ ಹೊತ್ತು, ಸದ್ದು ಬೆರೆಯುವುದಿಲ್ಲವೆಂದು. ಮೈಕು ಇಳಿಸುವ ಮೊದಲು ಮಾವ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ, ದೀಪ ಆರಿದರೆ ಮನುಷ್ಯ ಇಳಿಯಬಾರದು, ಇದು ಈ ಕಡೆ ಎಲ್ಲರಿಗೂ ಗೊತ್ತು. ಕಂದೀಲು ಪ್ರತಿ ಸಲವೂ ಆರುತ್ತಿತ್ತು. “ಮೈಕಿಗೆ ಉಸಿರಾಡೋದು ಐತೇನು ಮಾವ? ಕಂದೀಲು ಯಾಕ?” ಎಂದು ನಾನು ಚೇಷ್ಟೆ ಮಾಡಿದೆ. ಮಾವ ಆರಿದ ಕಂದೀಲನ್ನು ಮೇಲೆ ಎಳೆದುಕೊಂಡು ಬದಿಗಿಟ್ಟ.

ಎರಡನೆಯ ಕ್ಯಾಸೆಟ್ಟು ಕೇಳುವಾಗ ಡ್ರಮ್ಮಿನವನು ತಟ್ಟನೆ ಕೇಳಿದ: “ಲೇ, ಹೂಂ ಅಂದಾವ ಯಾರಲೇ?”

ಹಿಂದಕ್ಕೆ ತಿರುಗಿಸಿ ಕೇಳಿದೆವು. ಹಾಡು ಮುಗಿದು, ನನ್ನ ಕೂಗಿನ ಮರುದನಿಯೂ ಕರಗಿದ ಮೇಲೆ, ಒಂದು ಸಣ್ಣ ಕೆಮ್ಮು. ಗಂಟಲು ಸರಿಮಾಡಿಕೊಂಡಂತೆ. ಆಮೇಲೆ “ಹೂಂ”. ವಯಸ್ಸಾದ ಗಂಡಸಿನ ದನಿ, ತುಸು ಬೇಸರದ್ದು. ನಾನು ಅವನನ್ನು ಬೈದೆ, ಅವನು ಗಿಟಾರಿನವನನ್ನು ಬೈದ. ಕೊನೆಗೆ, ಇದು ಹಳೆಯ ಕ್ಯಾಸೆಟ್ಟಿನ ಮೇಲೆ ತುಂಬಿದ್ದು, ಯಾವುದೋ ಭಾಷಣದ ಚೂರು ಅಳಿಸದೆ ಉಳಿದಿದೆ ಎಂದು ನಾನೇ ತೀರ್ಪು ಕೊಟ್ಟೆ. ಮೆಕ್ಯಾನಿಕ್ ಅಲ್ಲವೇ, ಎಲ್ಲಕ್ಕೂ ಒಂದು ಕಾರಣ ಇರಲೇಬೇಕು.

ಮಾವ ಮಾತ್ರ ಬೆವರುತ್ತಿದ್ದ. “ಅದು ಭಾಷಣ ಅಲ್ಲಲೇ. ನಮ್ಮಣ್ಣ” ಅಂದ.

ಆಗ ಹೇಳಿದ. ಅಣ್ಣತಮ್ಮಂದಿರಿಬ್ಬರೂ ಕೂಡಿ ಜೋಳಕ್ಕೆಂದು ಇದೇ ಹಗೇವಿನ ಬಾಯಿ ತೆಗೆದಿದ್ದರಂತೆ, ಅರವತ್ತರ ದಶಕದಲ್ಲಿ. ಇಳಿಯುವವನು ಅಣ್ಣ, ಮೇಲೆ ನಿಂತು ಕಂದೀಲು ಬಿಡುವವನು ತಮ್ಮ. ಕಂದೀಲು ಆರಿತು. ಅವತ್ತು ಜೋರು ಗಾಳಿಯಿತ್ತು. “ಗಾಳಿಗೆ ಆರೇತಿ, ಇಳಿಯಣ್ಣ” ಎಂದುಬಿಟ್ಟ ಮಾವ. ಹಗೇವಿಗೆ ಇಳಿದವನನ್ನು ಮೇಲಿನವನು ಕರೆಯುತ್ತಲೇ ಇರಬೇಕು, ಕೆಳಗಿನವನು ಹೂಂ ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಹಗ್ಗ ಎಳೆಯಬೇಕು. ಅಣ್ಣ ಒಂದೆರಡು ಸಲ ಹೂಂ ಅಂದನಂತೆ, ಯಾವಾಗಲೂ ಹಾಗೆ, ಮೊದಲು ಕೆಮ್ಮಿ. ಆಮೇಲೆ ಇಲ್ಲ... ಮೇಲೆಳೆದು ಹಾಕುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಅವತ್ತಿಂದ ಕರಿಯಾಕ ಹತ್ತೀನಿ” ಅಂದ ಮಾವ. “ನನ್ನ ದನಿಗೆ ಓ ಅನ್ನಲಿಲ್ಲ. ನಿನ್ನ ದನಿ ಜೋರೈತಿ, ಅದಕ್ಕ ಕೇಳಿತು.”

ಇಷ್ಟು ದಿನ ನಾನು ಹಾಡುತ್ತಿದ್ದೇನೆಂದು ತಿಳಿದಿದ್ದೆ!

ಮಾವನಿಗೆ ಆಮೇಲೆ ಒಂದೇ ಹಟ. ಅತ್ತೆ ಆ ಕ್ಯಾಸೆಟ್ಟು ಕೇಳಬೇಕು. ಅಣ್ಣ ಇದ್ದ ಕಾಲದಲ್ಲಿ ಆ ಮನೆಯಲ್ಲಿದ್ದವಳು ಈಗ ಆಕೆಯೊಬ್ಬಳೇ. ಆಕೆ ಹೌದು ಅಂದರೆ ಹೌದು. ನಾವೇನು ಹೇಳಿದರೂ ಅವನಿಗೆ ಲೆಕ್ಕಕ್ಕಿಲ್ಲ. ಆದರೆ ಅತ್ತೆ ಟೇಪ್ ರೆಕಾರ್ಡರ್ ಕಂಡರೆ ಅಡುಗೆಮನೆ ಸೇರುತ್ತಿದ್ದಳು. “ಅದರಾಗ ಏನೂ ಇಲ್ಲ. ಬರೇ ನಿಮ್ಮ ಭ್ರಾಂತಿ” ಅಂತ ಒಳಗಿನಿಂದಲೇ ಹೇಳುತ್ತಿದ್ದಳು. ಒಮ್ಮೆ ನನ್ನನ್ನು ಹಿತ್ತಲಿಗೆ ಕರೆದು ಕೈ ಹಿಡಿದುಕೊಂಡಳು. “ಯಪ್ಪಾ, ಇವರು ಒಂದಿನ ಆ ಹಗೇವಿನಾಗ ಇಳಿತಾರ. ನಂಗ ಗೊತ್ತೈತಿ. ನೀ ಇವರನ್ನ ಒಬ್ಬರನ್ನ ಬಿಡಬ್ಯಾಡ.”

ಮೂರನೆಯ ಕ್ಯಾಸೆಟ್ಟಿಗೆ ನಾನೇ ಬಳ್ಳಾರಿಯಿಂದ ಹೊಸದು ತಂದೆ, ಕಾಗದ ಕೂಡ ಬಿಚ್ಚದ್ದು. ಭಾಷಣದ ಚೂರೋ ಅಣ್ಣನೋ, ಇವತ್ತು ಇತ್ಯರ್ಥವಾಗಲಿ ಅಂತ. ಅದೇ ಮಧ್ಯಾಹ್ನ, ಅದೇ ಬಿಸಿಲು. ಮಾವ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಗೇವಿನ ಬಾಯಿಯ ಹತ್ತಿರ ಕೂತಿದ್ದ. ನಾನು ಕೂಗಿದೆ, ಡ್ರಮ್ಮು ನಿಂತಿತು, ಗಿಟಾರಿನ ಕೊನೆಯ ಗುಂಯ್ ಎಂಬುದೂ ಇಂಗಿತು. ಮಾವ ಹೆಡ್‌ಫೋನ್ ಕಿತ್ತೆಸೆದು, “ಬಂದೆ ಅಣ್ಣಾ” ಅಂದ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಅದು ಇಳಿಯುತ್ತ ಇಳಿಯುತ್ತ ಸಣ್ಣಗಾಗಿ ಆರಿತು. ಮಾವ ನಮ್ಮ ಕಡೆ ನೋಡಿ ನಕ್ಕ. “ಗಾಳಿಗೆ ಆರೇತಿ” ಅಂದ.

ಅವತ್ತು ಎಲೆ ಕೂಡ ಅಲ್ಲಾಡುತ್ತಿರಲಿಲ್ಲ.

ಕಾಲು ಒಳಗೆ ಇಳಿಸಿಯೇ ಬಿಟ್ಟಿದ್ದ. ನಾನು ಹಿಂದಿನಿಂದ ಅವನ ಎದೆ ಅವುಚಿಕೊಂಡು ಎಳೆದೆ. ಮಾವ ಒದ್ದ, ಕಚ್ಚಿದ, ನಾನು ಜನ್ಮದಲ್ಲಿ ಕೇಳದ ಬೈಗುಳ ಬೈದ. ಅತ್ತೆ ಓಡಿಬಂದು ಅವನ ರಟ್ಟೆ ಹಿಡಿದಳು. ಮೂರೂ ಜನ ಹುಡುಗರು, ಆಕೆಯೊಬ್ಬಳು, ಎಲ್ಲ ಸೇರಿ ಅವನನ್ನು ಹೊರಗೆಳೆದು ಅಂಗಳದಲ್ಲಿ ಕೆಡವಿದೆವು. ಮಾವ ಮಣ್ಣಿನಲ್ಲಿ ಮುಖವಿಟ್ಟು ಅತ್ತ. ಅಂಥ ಅಳು ಗಂಡಸಿನದು ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಅತ್ತೆ ಹೇಳಿದಂತೆ ಗ್ಯಾರೇಜಿನ ಲಾರಿಯಲ್ಲಿ ಗರಸು ಮಣ್ಣು ತಂದು ಹಗೇವು ತುಂಬಿಸಿದೆವು. ಮಾವ ಕಟ್ಟೆಯ ಮೇಲೆ ಕೂತು ನೋಡಿದ. ಬೇಡ ಅನ್ನಲಿಲ್ಲ. ಕೊನೆಯ ಬುಟ್ಟಿ ಸುರಿದ ಮೇಲೆ, “ಈಗ ಏನೂ ಕೇಳಂಗಿಲ್ಲ ಬಿಡ್ರಿ” ಅಂದ, ಅಷ್ಟೇ. ಬಾವಲಿ ಕಂಪನಿ ಅಲ್ಲಿಗೆ ಮುಗಿಯಿತು. ಮೈಕು ಬಾಡಿಗೆಗೆ ಕೊಡುವುದನ್ನೂ ಬಿಟ್ಟ. ನಾನು ಕುರುಗೋಡಿಗೆ ಹೋದಾಗಲೆಲ್ಲ ಚಹಾ ಕೊಡಿಸುತ್ತಿದ್ದ, ಹೊಲ ಮಳೆ ಕೇಳುತ್ತಿದ್ದ. ಆದರೆ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಕೆಲವು ವರ್ಷ ಹಾಗೇ ಇದ್ದು, ಒಂದು ಬೆಳಿಗ್ಗೆ ಎದ್ದೇಳಲಿಲ್ಲ.

ಮಣ್ಣಿಗೆ ಹೋಗಿಬಂದು ಕೆಲವು ದಿನಗಳಾದ ಮೇಲೆ ಅತ್ತೆ ನನಗೆ ಹೇಳಿಕಳಿಸಿದಳು. ಆ ಮೂರನೆಯ ಕ್ಯಾಸೆಟ್ಟು, ಯಾರಿಗೂ ಮಾರದೆ ಉಳಿದದ್ದು, ನನ್ನ ಹತ್ತಿರವೇ ಇತ್ತು. “ತೊಗೊಂಡು ಬಾ, ಹಚ್ಚು” ಅಂದಳು. “ಅವರು ಇರೂತನ ಕೇಳಲಿಲ್ಲ. ಒಂದ್ಸಲ ಕೇಳ್ತೀನಿ.” ಕಂಬಕ್ಕೆ ಒರಗಿ, ಕಾಲು ಚಾಚಿ, ಸೆರಗು ಹೆಗಲಿಗೆ ಜಾರಿದ್ದೂ ಗೊತ್ತಿಲ್ಲದವಳಂತೆ ಕೂತಿದ್ದಳು. ನಾನು ಗುಂಡಿ ಒತ್ತಿದೆ. ನನ್ನ ಆ ಹಳೆಯ ಅರಚಾಟ ನನಗೇ ನಾಚಿಕೆಯಾಗುವಂತೆ ಕೇಳಿಸಿತು. ಹಾಡು ಮುಗಿಯಿತು. ಮರುದನಿ ಕರಗಿತು.

ಸಣ್ಣ ಕೆಮ್ಮು. “ಹೂಂ.”

ಅತ್ತೆ ಗಡಬಡಿಸಿ ಕಾಲು ಮಡಚಿಕೊಂಡಳು. ಎದ್ದು ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಗಿಲ ಮರೆಗೆ ಸರಿದಳು. ಗಂಡನ ಅಣ್ಣ ಒಳಗೆ ಬಂದಾಗ ಈ ಕಡೆಯ ಹೆಣ್ಣುಮಕ್ಕಳು ಮಾಡುವುದೇ ಹಾಗೆ. ತಾನು ಏನು ಮಾಡಿದೆನೆಂಬುದು ಆಕೆಗೆ ಆಮೇಲೆ ತಿಳಿಯಿತೆಂದು ಕಾಣುತ್ತದೆ. ನಾನು ಟೇಪು ಬಂದ್ ಮಾಡಿ, ಹೇಳದೆ ಎದ್ದುಬಂದೆ.

ಅತ್ತೆಯೂ ಹೋಗಿ ಎಷ್ಟೋ ವರ್ಷಗಳಾದವು. ಮಾವನನ್ನು ಅವತ್ತು ಎಳೆದು ಹಾಕಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಇನ್ನೊಮ್ಮೆ ಇಳಿದರೆ ಇನ್ನೊಮ್ಮೆ ಎಳೆದೇನು. ಆದರೆ ಮಾವ ಬೇಡಿದ್ದಾದರೂ ಎಷ್ಟು? ಆಕೆ ಒಂದು ಸಲ ಕೇಳಲಿ ಅಂತ. ಕೇಳಿದಳು. ಅವನು ಇರಲಿಲ್ಲ.