ಖೋ-ಖೋ ಮೈದಾನದ ಕನಾತು

ಅವತ್ತು ಗಾಳಿ ಬೀಸಿರಲಿಲ್ಲ. ಬೇವಿನ ಮರದ ಒಂದು ಎಲೆ ಕೂಡ ಅಲುಗಿರಲಿಲ್ಲ. ನಮ್ಮ ಶಾಲೆಯ ಮೈದಾನದಲ್ಲಿ ಕನಾತು ಬಿದ್ದದ್ದು ಗಾಳಿಗೆ ಎಂದು ಹೇಳುವವರು ಬೀದರಿನಲ್ಲಿ ಇನ್ನೂ ಇದ್ದಾರೆ. ಸುಳ್ಳು. ಅದನ್ನು ಕೆಡವಿದವರು ಅದನ್ನು ಹಟ ಹಿಡಿದು ಕಟ್ಟಿಸಿದ ಗಂಡಸರೇ. ಪಕ್ಕದಲ್ಲೇ ನಿಂತು ನೋಡಿದವಳು ನಾನು.

ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ವರ್ಷವಾಗಿತ್ತು. ನಿಜಾಮರ ಆಳಿಕೆ ಹೋಗಿತ್ತು, ಹೈದರಾಬಾದ್ ರಾಜ್ಯ ಎಂಬ ಹೆಸರು ಉಳಿದಿತ್ತು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಯಾ ಆಗಿದ್ದೆ. ನಾನು ಓದಿದ್ದು ಎರಡನೇ ಇಯತ್ತೆ. ನನ್ನ ಕೆಲಸಕ್ಕೆ ಅಷ್ಟು ಸಾಕಿತ್ತು. ಬೆಳಿಗ್ಗೆ ಪರದೆ ಕಟ್ಟಿದ ಎತ್ತಿನ ಬಂಡಿಯಲ್ಲಿ ಹೊರಟು, ಒಂದೊಂದು ಮನೆಯ ಮುಂದೆ ಇಳಿದು ಹುಡುಗಿಯ ಹೆಸರು ಕೂಗಬೇಕು, ಬಂಡಿ ಹತ್ತಿಸಬೇಕು, ಸಂಜೆ ಅದೇ ಮನೆಗೆ ಒಪ್ಪಿಸಬೇಕು. ಆಯಾ ಬಾಗಿಲಿಗೆ ಬಂದು ಕೂಗದೆ ಯಾರೂ ಮಗಳನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಅದನ್ನು ತಪ್ಪು ಎನ್ನುವುದಿಲ್ಲ. ಗದ್ದಲದ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಜೋಳದ ಚೀಲಗಳ ಹಿಂದೆ ಅಡಗಿಸಿಟ್ಟಿದ್ದ ಜನ ಅವರು. ಹೆದರಿಕೆ ಇನ್ನೂ ಮೈಯಲ್ಲಿತ್ತು.

ಆ ವರ್ಷ ಶಾಲೆಗೆ ಡ್ರಿಲ್ ಕಲಿಸುವ ಹೊಸ ಟೀಚರು, ಡ್ರಿಲ್ ಬಾಯಾರು, ಬಂದರು. ಆರೋಗ್ಯ ಮತ್ತು ವ್ಯಾಯಾಮ ಎಂಬ ಹೊಸ ಪಿರಿಯಡ್ ಶುರುವಾಯಿತು. ಮೊದಲ ದಿನ ಹುಡುಗಿಯರನ್ನು ಬಿಸಿಲಿಗೆ ನಿಲ್ಲಿಸಿ ಕೈ ಎತ್ತಿಸಿ ಇಳಿಸಿದರು, ಅಷ್ಟಕ್ಕೇ ಅರ್ಧ ಸಾಲು ತಲೆ ತಿರುಗಿ ಕುಳಿತುಬಿಟ್ಟಿತು. ಬಾಯಾರು ಒಬ್ಬೊಬ್ಬರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪೇ ಇಲ್ಲ.

“ಮುಂಜಾನೆ ಏನ್ ತಿಂದು ಬಂದೀರಿ?”

“ಚಹಾ ರೀ.”

“ಚಹಾ ತಿಂತಾರೇನು? ನಾಳಿಯಿಂದ ರೊಟ್ಟಿ ತಿನ್ನದೆ ಬಂದವರು ನನ್ನ ಮುಂದ ನಿಲ್ಲಬ್ಯಾಡ್ರಿ.”

ಮರುದಿನದಿಂದ ಬಂಡಿಯಲ್ಲೇ ಪ್ರತಿಯೊಬ್ಬಳನ್ನೂ ರೊಟ್ಟಿ ತಿಂದೆಯಾ ಎಂದು ಕೇಳುವುದು ನನ್ನ ಪಾಲಿಗೆ ಬಂತು. ಉಗುರು, ಹಲ್ಲು, ತಲೆಯ ಹೇನು, ಎಲ್ಲದರ ತಪಾಸಣೆ ನಡೆಯಿತು. ಅದಾದ ಮೇಲೆ ಖೋ-ಖೋ.

ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಬೀರಮ್ಮ. ಔರಾದ ಕಡೆಯ ಡಾಬಕಾದಲ್ಲಿ ಕುರಿ ಸಾಕುವವರ ಮನೆಯ ಹುಡುಗಿ. ಬೀದರಿನ ಅಂಚಿನ ನೌಬಾದದಲ್ಲಿ ತಾಯಿಯ ತಂದೆ ಮಾಳಪ್ಪನ ಮನೆಯಲ್ಲಿದ್ದು ಓದುತ್ತಿದ್ದಳು. ಓಡುತ್ತ ಓಡುತ್ತ ಗಕ್ಕನೆ ನಿಂತು ಇನ್ನೊಂದು ಕಡೆ ಹಾರುತ್ತಿದ್ದಳು. ಹಿಂದೆ ಬಂದವಳು ಕೈ ಚಾಚಿ ಮುಗ್ಗರಿಸಬೇಕು, ಅಷ್ಟೇ. ಎಲ್ಲಿ ಕಲಿತೆ ಎಂದು ಕೇಳಿದರೆ, “ಟಗರು ಹಿಡಿಯೂದ್ರಾಗ,” ಎಂದು ನಗುತ್ತಿದ್ದಳು.

ಚಳಿಗಾಲದಲ್ಲಿ ಭಾಲ್ಕಿಯ ಹುಡುಗಿಯರೊಂದಿಗೆ ಪಂದ್ಯ ಎಂದು ಗೊತ್ತಾಯಿತು. ಸುದ್ದಿ ಹಬ್ಬಿದ್ದೇ ತಡ, ಅಪ್ಪಂದಿರು, ಅಜ್ಜಂದಿರು ಶಾಲೆಯ ಬಾಗಿಲಿಗೆ ಬಂದರು. ಬೆಳೆದ ಹುಡುಗಿಯರು ಪರಕರ ಎತ್ತಿ ಸಿಕ್ಕಿಸಿಕೊಂಡು ಬಯಲಲ್ಲಿ ಓಡುವುದೆಂದರೇನು? ಎಲ್ಲರ ಮುಂದೆ ಮಾಳಪ್ಪ, ಹೆಗಲ ಮೇಲೆ ಕಂಬಳಿ.

“ಸುತ್ತ ಕನಾತು ಕಟ್ಟಿಸ್ರಿ. ಹೆಂಗಸರು ಒಳಗ, ಗಂಡಸರು ಹೊರಗ. ಒಬ್ಬ ಗಂಡಸಿನ ಕಣ್ಣು ನಮ್ಮ ಬೀರಿ ಮ್ಯಾಲ ಬಿತ್ತಂದ್ರ, ಅವತ್ತೇ ಡಾಬಕಾಕ್ಕ ಕಳಸ್ತೇನಿ. ಕುರಿ ಕಾಯ್ಲಿ,” ಎಂದ.

ಮಾಳಪ್ಪ ಆಡಿದ ಮಾತು ತಿರುಗಿಸುವ ಮನುಷ್ಯನಲ್ಲ. ಬೀರಮ್ಮನ ಮುಖ ಸಣ್ಣಗಾಯಿತು. ಅವಳು ಹತ್ತನೇ ಇಯತ್ತೆಯಲ್ಲಿದ್ದಳು. ಡಾಬಕಾಕ್ಕೆ ಹೋದರೆ ಅಲ್ಲಿಗೆ ಓದು ಮುಗಿಯಿತು.

ಮದುವೆಗೆ ಡೇರೆ ಹಾಕುವವನಿಂದ ಕನಾತು ತರಿಸಿದರು. ಕನಾತು ಎಂದರೆ ಬಿದಿರ ಕೋಲಿಗೆ ಹೊಲಿದ ದಪ್ಪ ಬಟ್ಟೆಯ ಗೋಡೆ. ಮೈದಾನದ ನಾಲ್ಕೂ ಕಡೆ ಅದನ್ನು ನಿಲ್ಲಿಸಿ ಹಗ್ಗ ಬಿಗಿದರು. ಒಳಗೆ ಹೋಗಲು ಒಂದೇ ಸಂದು. ಆ ಸಂದಿನಲ್ಲಿ ಕೋಲು ಹಿಡಿದು ನಿಲ್ಲುವವಳು ನಾನು.

ಭಾಲ್ಕಿಯ ಹುಡುಗಿಯರು ಬೆಳಗಿನ ರೈಲಿಗೆ ಬಂದರು. ಗಟ್ಟಿ ಹುಡುಗಿಯರು, ರೊಟ್ಟಿ ತಿಂದೇ ಬಂದಿದ್ದರು. ಒಳಗೆ ತಾಯಂದಿರು, ಅಜ್ಜಿಯರು ತುಂಬಿಕೊಂಡರು. ಆಟ ಶುರುವಾದ ಕೂಡಲೇ ಅವರು ಹಾಕಿದ ಕೂಗಿಗೆ ಕೋಟೆಯ ಪಾರಿವಾಳಗಳು ಎದ್ದಿರಬೇಕು. ಬದುಕಿನಲ್ಲಿ ಎಂದೂ ಗಟ್ಟಿಯಾಗಿ ಮಾತಾಡದ ಹೆಂಗಸರು, “ಹಿಡಿ! ಬಿಡಬ್ಯಾಡ! ಏ ಹುಚ್ಚೀ, ಆ ಕಡಿ!” ಎಂದು ಕಿರುಚುತ್ತಿದ್ದರು.

ಹೊರಗಿದ್ದ ಗಂಡಸರು ಮೊದಮೊದಲು ಬೀಡಿ ಸೇದುತ್ತ ದೂರ ಕುಳಿತಿದ್ದರು. ಎರಡನೇ ಸರದಿಗೆ ಎದ್ದು ನಿಂತರು. ಮೂರನೆಯದಕ್ಕೆ ನನ್ನ ಹತ್ತಿರ ಬಂದರು.

“ಏನಾತು? ಯಾರು ಸಿಕ್ರು?”

“ನೋಡಬಾರದು ಅಂದವರು ನೀವೇ ಅಲ್ಲೇನ್ರಿ?”

“ನಾವೆಲ್ಲಿ ನೋಡ್ತೇವಿ? ಕೇಳ್ತೇವಿ ಅಷ್ಟ. ನೀ ನೋಡಿ ಹೇಳವಾ,” ಎಂದ ಮಾಳಪ್ಪ.

ಸರಿ, ಒಳಗೆ ಕತ್ತು ಹಾಕಿ ನೋಡುವುದು, ಹೊರಗೆ ತಿರುಗಿ ಹೇಳುವುದು. ನಮ್ಮ ಹುಡುಗಿಯೊಬ್ಬಳು ಸಿಕ್ಕಳು. ಭಾಲ್ಕಿಯವಳು ಬಿದ್ದಳು, ಎದ್ದಳು. ಹೀಗೆ ಕೊನೆಯ ಸರದಿ ಬಂತು. ಭಾಲ್ಕಿಯವರು ಸಾಲಾಗಿ ಕುಳಿತಿದ್ದರು, ನಮ್ಮವರು ಓಡಬೇಕು. ನಮ್ಮ ಕಡೆ ಉಳಿದವಳು ಬೀರಮ್ಮ ಒಬ್ಬಳೇ. ಸೀಟಿ ಊದುವತನಕ ಸಿಗದಿದ್ದರೆ ಪಂದ್ಯ ನಮ್ಮದು, ಸಿಕ್ಕರೆ ಭಾಲ್ಕಿಯದು.

“ಬೀರಿ ಒಬ್ಬಾಕಿ ಉಳಿದಾಳರಿ!” ಎಂದೆ. ಆಮೇಲೆ ಹೊರಗೆ ತಿರುಗುವುದೇ ಮರೆತುಹೋಯಿತು. ಯಾರಿಗೆ ನೆನಪಿರುತ್ತದೆ? ಬೀರಮ್ಮ ಕುಳಿತವರ ನಡುವೆ ಸೂಜಿಯಂತೆ ಆ ಕಡೆ ನುಗ್ಗಿ ಈ ಕಡೆ ಬರುತ್ತಿದ್ದಳು. ಒಬ್ಬಳು ಕೈ ಬೀಸಿದರೆ ಬಗ್ಗಿದಳು, ಇನ್ನೊಬ್ಬಳು ಎದ್ದರೆ ಕಂಬ ಸುತ್ತಿ ಹಾರಿದಳು. ಹೊರಗಿನಿಂದ, “ಏನಾತ ಹೇಳವಾ! ಏ ಆಯಾಬಾಯಿ!” ಎಂದು ಒದರುತ್ತಿದ್ದರು. ನನಗೆ ಕೇಳಿಸಿತು, ಕತ್ತು ಮಾತ್ರ ಒಳಗೇ ಇತ್ತು.

ನಾನು ಸುಮ್ಮನಾದದ್ದನ್ನು ಅವರಿಂದ ತಾಳಲಾಗಲಿಲ್ಲ. ಒಬ್ಬ ಹೊಲಿಗೆಯ ಸಂದಿಗೆ ಕಣ್ಣಿಟ್ಟ. ಅವನ ಭುಜದ ಮೇಲೆ ಇನ್ನೊಬ್ಬ. ಕಡೆಗಣ್ಣಿನಿಂದ ನೋಡುತ್ತೇನೆ, ಮಾಳಪ್ಪ ಎರಡೂ ಕೈಯಿಂದ ಬಿದಿರು ಹಿಡಿದು ತುದಿಗಾಲಲ್ಲಿ ನಿಂತಿದ್ದಾನೆ. ಹಿಂದೆ ಇದ್ದವರೆಲ್ಲ ಅವನ ಬೆನ್ನಿಗೆ ಬಿದ್ದರು. ಬಿದಿರು ಲಟಕ್ಕೆಂದಿತು. ಆ ಕಡೆಯ ಕನಾತು ಇಡಿಯಾಗಿ ಒಳಗೆ ಮಲಗಿತು. ಅದರ ಮೇಲೆ ಗಂಡಸರ ರಾಶಿ. ಎಲ್ಲರ ಕೆಳಗೆ ಮಾಳಪ್ಪ. ಅವನ ರುಮಾಲು ಬಿಚ್ಚಿಕೊಳ್ಳುತ್ತ ಮೈದಾನದ ಒಳಗೆ ಉರುಳಿಹೋಯಿತು.

ಕೂಗು ನಿಂತಿತು. ಓಡುತ್ತಿದ್ದವಳೂ ನಿಂತಳು, ಅಟ್ಟುತ್ತಿದ್ದವಳೂ ನಿಂತಳು. ಬೀರಮ್ಮ ಅಜ್ಜನನ್ನೇ ನೋಡುತ್ತಿದ್ದಳು. ಮಾಳಪ್ಪ ಮಂಡಿಯೂರಿ ಎದ್ದ. ಇನ್ನು ಯಾರಾದರೂ “ಯಾರು ನೂಕಿದರು” ಎಂದರೆ ಮುಗಿಯಿತು. ಜಗಳ ಶುರುವಾಗುತ್ತದೆ, ಮಾಳಪ್ಪನಿಗೆ ತಾನಾಡಿದ ಮಾತು ನೆನಪಾಗುತ್ತದೆ, ಸಂಜೆಗೆ ಹುಡುಗಿ ಡಾಬಕಾದ ದಾರಿ ಹಿಡಿಯುತ್ತಾಳೆ.

ನಾನು ಕೋಲು ಎತ್ತಿ ಒದರಿದೆ: “ಗಾಳಿ! ಯವ್ವಾ ಯವ್ವಾ, ಎಂಥಾ ಗಾಳಿ ಬಂತರಿ!”

ಒಂದು ಗಳಿಗೆ ಎಲ್ಲರೂ ಆಕಾಶ ನೋಡಿದರು. ಕೆಳಗೆ ಬಿದ್ದಿದ್ದವನೊಬ್ಬ ಮೊಣಕೈ ಒರೆಸಿಕೊಳ್ಳುತ್ತ, “ಹೌದ್ಹೌದು, ಭಾಳ ಜೋರ ಬಂತು,” ಎಂದ. ಡ್ರಿಲ್ ಬಾಯಾರು ನನ್ನ ಕಡೆ ಒಮ್ಮೆ ನೋಡಿ, “ಗಾಳಿಗಿ ಆಟ ನಿಲ್ಲಂಗಿಲ್ಲ! ನಡೀಲಿ!” ಎಂದು ಕೂಗಿದರು.

ಭಾಲ್ಕಿಯ ಹುಡುಗಿ ನುಗ್ಗಿದಳು. ಬೀರಮ್ಮ ಮಾತ್ರ ನೆಟ್ಟ ಕಂಬದಂತೆ ನಿಂತಿದ್ದಳು.

“ಏ ಬೀರೀ! ನನ್ನ ಮಾರಿ ಏನ್ ನೋಡ್ತಿ? ಹಿಂದ ಬಂದಳು, ಹೊಳ್ಳು!”

ಒದರಿದವನು ಮಾಳಪ್ಪ. ಬರಿದಲೆ, ಮೈತುಂಬ ಕೆಂಪು ಮಣ್ಣು. ಹುಡುಗಿ ಹೊರಳಿದಳು ನೋಡಿ! ಬೆನ್ನು ಮುಟ್ಟಲು ಬಂದ ಕೈ ಗಾಳಿ ಹಿಡಿಯಿತು. ಅಲ್ಲಿಂದ ಸೀಟಿಯವರೆಗೆ ಗಂಡಸರೆಲ್ಲ ಕನಾತನ್ನು ತುಳಿದುಕೊಂಡು ನಿಂತು ಒದರಿದ್ದೇ ಒದರಿದ್ದು. ಅಜ್ಜ ಮೈದಾನದ ಅಂಚಿನಲ್ಲಿ ಕಂಬಳಿಯನ್ನು ಪಕ್ಕಕ್ಕೆ ಬೀಸುತ್ತ, “ಬಾಜೂಕ! ಬಾಜೂಕ!” ಎನ್ನುತ್ತಿದ್ದ. ಸೀಟಿ ಊದಿದಾಗ ಬೀರಮ್ಮ ಯಾರ ಕೈಗೂ ಸಿಕ್ಕಿರಲಿಲ್ಲ. ಭಾಲ್ಕಿಯವರೇ ಮೊದಲು ಬಂದು ಅವಳನ್ನು ಅಪ್ಪಿಕೊಂಡರು.

ಸಂಜೆ ಮಾಳಪ್ಪ ಬಂಡಿ ಬೇಡವೆಂದ. ಮೊಮ್ಮಗಳನ್ನು ನಡೆಸಿಕೊಂಡೇ ಹೋದ. ಆವೇಶ ಇಳಿದ ಮೇಲೆ ಮನುಷ್ಯ ಏನು ಮಾಡುತ್ತಾನೋ ಹೇಳಲಾಗದು. ನಾಳೆ ಅವಳನ್ನು ಶಾಲೆಗೆ ಕಳಿಸುತ್ತಾನೆ ಎಂಬ ಧೈರ್ಯ ನನಗಿರಲಿಲ್ಲ.

ಎಷ್ಟೋ ವರ್ಷ ಬಾಗಿಲು ಬಾಗಿಲಿಗೆ ಹೋಗಿ ಹುಡುಗಿಯರನ್ನು ಕರೆದ ನನಗೆ ಆ ಕೆಲಸ ಕಲಿಸಿದ್ದು ಇಷ್ಟು: ಹಿರಿಯನ ಮಾತನ್ನು ತಪ್ಪೆಂದು ಎದುರಿಗೆ ಸಾಧಿಸಹೋದರೆ ಬಾಗಿಲು ಮುಚ್ಚುತ್ತದೆ. ಮರ್ಯಾದೆಯಿಂದ ಹಿಂದೆ ಸರಿಯಲು ಅವನಿಗೆ ಒಂದು ನೆಪ ಕೊಡಬೇಕು. ಸಾಧಿಸಿ ನನಗೇನು ಆಗಬೇಕಿತ್ತು? ಹುಡುಗಿ ಬಂಡಿ ಹತ್ತಿದರೆ ಸಾಕಿತ್ತು.

ಮರುದಿನ ಬೆಳಿಗ್ಗೆ ನೌಬಾದದಲ್ಲಿ ಇಳಿದು, ಮುಚ್ಚಿದ ಬಾಗಿಲ ಮುಂದೆ ನಿಂತು ಎಂದಿನಂತೆ ಕೂಗಿದೆ: “ಬೀರಮ್ಮಾ, ಬಂಡಿ ಬಂತು!”

ಬಾಗಿಲು ತೆರೆದವನು ಮಾಳಪ್ಪ. ಹೊಸ್ತಿಲ ಮೇಲೆ ಅಡ್ಡ ನಿಂತ.

“ನಿನ್ನಿ ಗಾಳಿ ಭಾಳ ಇತ್ತು ನೋಡು, ತಂಗಿ.”

“ಭಾಳ ಇತ್ತರಿ, ಕಾಕಾ.”

“ಮತ್ತ ಭಾಲ್ಕಿಯೊಳಗ? ಅಲ್ಲಿ ಆಟ ಇಟ್ರ, ಅಲ್ಲಿನೂ ಹಿಂಗೇ ಗಾಳಿ ಇರ್ತದೇನು?”

“ಅಲ್ಲಿ ಇನ್ನೂ ಜೋರರಿ. ಕನಾತು ನಿಲ್ಲೂದೇ ಇಲ್ಲ.”

ಅವನು ಗಡ್ಡ ಕೆರೆದುಕೊಂಡ. ಒಳಗೆ ತಿರುಗಿ, “ಬೀರೀ, ರೊಟ್ಟಿ ತಿಂದಿ ಇಲ್ಲ? ಬಂಡಿ ನಿಂತದ,” ಎಂದು ಒದರಿ, ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದ.

ಅವಳನ್ನು ಬಂಡಿ ಹತ್ತಿಸಿ, ಮುಂದಿನ ಮನೆಗೆ ಹೋಗಿ ಮುಂದಿನ ಹುಡುಗಿಯ ಹೆಸರು ಕೂಗಿದೆ.