ಹೂವರಸಿಯ ಬುಡ

ಹೂವರಸಿ ಮರಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಜೋಡಿ ಹೆಸರಿನಲ್ಲಿ ಎರಡನೆಯದರ ಅರ್ಥ ‘ಪಾಪ್ಲರ್‌ನಂಥ ಎಲೆಯದು’ ಎಂದು. ರಾಯಚೂರಿನ ಕಾಲೇಜಿನಲ್ಲಿ ವರ್ಷ ವರ್ಷವೂ ಇದನ್ನು ಪಾಠ ಮಾಡುತ್ತೇನೆ, ವರ್ಷ ವರ್ಷವೂ ಸಿಟ್ಟು ಬರುತ್ತದೆ. ಪಾಪ್ಲರ್ ಬೆಳೆಯುವುದು ಚಳಿಯ ಸೀಮೆಯಲ್ಲಿ. ನಾನು ಅದನ್ನು ನೋಡಿದ್ದು ಒಂದೇ ಸಲ, ಅದೂ ಹಾಳೆಗೆ ಅಂಟಿಸಿದ ಒಣ ರೆಂಬೆ. ನಮ್ಮ ಬಿಸಿಲಲ್ಲಿ ನಿಂತ ಮರಕ್ಕೆ ಎಲ್ಲಿಯದೋ ಮರದ ಗುರುತು ಕಟ್ಟಿದವರಿಗೆ ಏನೆನ್ನಬೇಕು?

ಕುರ್ಡಿಯಲ್ಲಿ ನಮ್ಮ ಸೋದರತ್ತೆಯ ಹೊಲದಂಚಿಗೆ, ರಸ್ತೆಗೆ ಹತ್ತಿಕೊಂಡೇ ಒಂದು ಹೂವರಸಿ ಇತ್ತು. ಅದನ್ನು ಯಾರೂ ಬೆಳೆಯಲೆಂದು ನೆಟ್ಟಿರಲಿಲ್ಲ. ಅತ್ತೆಯ ಚೊಚ್ಚಲ ಹೆಣ್ಣುಕೂಸು ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡಿತ್ತು. ಎಳೆಗೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಮಾವ ಅಲ್ಲಿ ಹೂಳಿ, ನಾಯಿ ಕೆದರದಂತೆ ಮುಳ್ಳು ಹೇರಿ, ಗುರುತಿಗೆಂದು ಹೂವರಸಿಯ ಒಂದು ಹಸಿ ಗೂಟ ಬಡಿದು ಬಂದಿದ್ದರು. ಮಳೆಗೆ ಗೂಟ ಚಿಗುರಿತು. ಮುಂದೆ ಅತ್ತೆ ದಿನಾ ಅದರ ನೆರಳಲ್ಲೇ ಬುತ್ತಿ ಬಿಚ್ಚುತ್ತಿದ್ದಳು. ಕೂಸಿನ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಹೋದ ವರ್ಷ ರಸ್ತೆ ಅಗಲ ಮಾಡಲು ಕಡಿಯಬೇಕಾದ ಮರಗಳಿಗೆ ಬಣ್ಣ ಬಳಿದರು, ಆ ಹೂವರಸಿಗೂ. ಅತ್ತೆ ಬಸ್ಸು ಹತ್ತಿ ನೆಟ್ಟಗೆ ನಮ್ಮ ಮನೆಗೆ ಬಂದಳು.

“ನೀ ಗಿಡದ ವಿದ್ಯಾ ಕಲ್ತಾಕಿ. ಇದು ಎಲ್ಲೂ ಸಿಗಲಾರದ ಗಿಡ ಅಂತ ಅವರಿಗೆ ಹೇಳು ಯವ್ವಾ. ಕೂಸಿನ ಮಾತು ತೆಗೀಬ್ಯಾಡ. ನಗ್ತಾರ.”

ಹೋದೆ. ಅಭ್ಯಾಸಬಲದಿಂದ ಎಲೆ, ಹೂವು, ಕಾಯಿ ನೋಡಿದೆ. ಮರ ಗುರುತಿಸಲು ನಮಗೆ ಅಷ್ಟೇ ಸಾಕು, ಬೇರಿನ ತನಕ ಹೋಗುವುದಿಲ್ಲ. ಅಪರೂಪದ್ದೇನೂ ಇರಲಿಲ್ಲ. ರಸ್ತೆ ಕೆಲಸದ ಎಂಜಿನಿಯರ್ ಇದು ಅಪರೂಪದ ಮರವೇ ಎಂದು ಕೇಳಿದಾಗ ಸುಳ್ಳು ನಾಲಿಗೆಗೆ ಬರಲಿಲ್ಲ, ಎಲ್ಲಾ ಕಡೆ ಸಿಗುತ್ತದೆ ಎಂದೆ. ಆದರೂ ಇದೊಂದನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡೆ.

“ಎಲ್ಲಾ ಕಡೆ ಸಿಗ್ತದಂದ್ರ ಚಿಂತಿ ಯಾಕ್ರಿ ಮೇಡಮ್? ಇನ್ನೊಂದು ಹಚ್ಚಿಸ್ತೀವಿ ಬಿಡ್ರಿ,” ಎಂದರು. ಕೆಟ್ಟ ಮನುಷ್ಯರಲ್ಲ. ಹಾಳೆಗೆ ಅಂಟಿಸಿದ ಒಂದು ರೆಂಬೆ ಇಡೀ ಜಾತಿಯ ಪರವಾಗಿ ನಿಲ್ಲುತ್ತದೆ ಎಂದು ಕಲಿಸುವವಳು ನಾನೇ.

ಮರ ಕಡಿಯುವ ದಿನ ದೇವದುರ್ಗದ ನರ್ಸರಿಯಿಂದ ಒಂದು ಹೂವರಸಿ ಸಸಿ ತೆಗೆದುಕೊಂಡು ಹೋದೆ. ಗರಗಸಕ್ಕೆ ಮರ ಬಿತ್ತು. ಅತ್ತೆ ಅಳಲಿಲ್ಲ. ಗಟ್ಟಿ ಮಾಡಿಕೊಂಡಿದ್ದಾಳೆ ಎಂದುಕೊಂಡು ಸಸಿಯನ್ನು ಮುಂದೆ ಹಿಡಿದೆ.

“ಅದs ಜಾತಿ, ಅತ್ತಿ. ಮನಿ ಮುಂದ ಹಚ್ಚೋಣು.”

ಅವಳು ಸಸಿಯ ಕಡೆ ನೋಡಲೂ ಇಲ್ಲ. ಜೆಸಿಬಿ ಬೊಡ್ಡೆಯ ಕಡೆ ತಿರುಗಿತು. ಅತ್ತೆ ನನ್ನ ಮುಂಗೈ ಹಿಡಿದುಕೊಂಡಳು, ಬಳೆ ಒತ್ತಿ ನೋವಾಯಿತು.

“ಗಿಡ ಹೋಗ್ಲಿ ಬೇ. ಬುಡ ಅಗೀಬ್ಯಾಡ ಅನ್ನು. ಅಷ್ಟs ಅನ್ನು.”

ಇಷ್ಟು ದಿನ ಅವಳು ಕಾಯುತ್ತಿದ್ದದ್ದು ಮರವನ್ನಲ್ಲ. ಕೂಗುತ್ತಾ ಓಡಿದೆ. ಯಂತ್ರದ ಸದ್ದಿನಲ್ಲಿ ಚಾಲಕನಿಗೆ ಏನೂ ಕೇಳಲಿಲ್ಲ. ಜೆಸಿಬಿಯ ಬಕೆಟ್ ಕೆಳಗಿಳಿದು, ಬೇರು ಕರಿಮಣ್ಣು ಎಲ್ಲಾ ಒಟ್ಟಿಗೆ ಎತ್ತಿ ರಸ್ತೆಯ ಆಚೆ ಸುರಿಯಿತು.

ಅತ್ತೆ ಆ ಗುಡ್ಡೆಯ ಹತ್ತಿರ ಹೋಗಿ ಕೂತಳು. ಒಂದೊಂದೇ ಹೆಂಟೆ ಎತ್ತಿ, ಕೈಯಲ್ಲಿ ಮೆಲ್ಲಗೆ ಪುಡಿ ಮಾಡಿ, ಆ ಮಣ್ಣನ್ನು ಸೆರಗಿಗೆ ಹಾಕಿಕೊಳ್ಳತೊಡಗಿದಳು. ನಾನೂ ಪಕ್ಕದಲ್ಲಿ ಕೂತು ಹೆಂಟೆ ಒಡೆದೆ. ಏನಾದರೂ ಸಿಕ್ಕೀತು ಎಂಬ ಹೆದರಿಕೆಗೆ ಒಂದೊಂದನ್ನೂ ಬೆರಳ ತುದಿಯಲ್ಲಷ್ಟೇ ಬಿಡಿಸಿದೆ.