ನಂಜು ಎಂದರೆ ಎದೆಯಲ್ಲ

ಇಸಿಜಿ ಯಂತ್ರ ಕಾಗದ ಹೊರಹಾಕುವ ಕಿರ್ರೆಂಬ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಪರದೆಯ ಆಚೆ ಮಲಗಿದ್ದವರು ನನ್ನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ಹೊಸತರಲ್ಲಿ, ಕಾನ್ವೆಂಟಿಗೆ ಹೊರಟ ನನಗೆ ದಿನಾ ಜಡೆ ಹಾಕಿದವರು. ಅತ್ತಿಗೆಯ ಎದೆಗೆ ಏನೂ ಆಗಿರಲಿಲ್ಲ. ಕಾಲಿನ ಹೆಬ್ಬೆರಳು ಬಾತಿತ್ತು, ಮೇಲೆ ಶುಗರ್ ಬೇರೆ.

ಗಡಿಯ ಮಲಯಾಳ ಬದಿಯಲ್ಲಿರುವ ನಮ್ಮ ಸರಕಾರಿ ಆಸ್ಪತ್ರೆಯ ಕೌಂಟರಿನ ಹುಡುಗಿ ಮಲಯಾಳದಲ್ಲಿ ಏನು ತೊಂದರೆ ಎಂದು ಕೇಳಿದಾಗ ಅತ್ತಿಗೆ "ನಂಜು" ಎಂದಿದ್ದರು. ಗಾಯ ಸೆಪ್ಟಿಕ್ ಆದರೆ ನಾವು ಹೇಳುವುದೇ ಹಾಗೆ. ಮಲಯಾಳದ ನೆಂಜು ಎಂದರೆ ಎದೆ. ಹುಡುಗಿ ಗಾಬರಿಯಾಗಿ ಅವರನ್ನು ವೀಲ್‌ಚೇರಿನಲ್ಲಿ ಓಡಿಸಿದಳು.

"ಹಾರ್ಟ್ ಪರ್ಫೆಕ್ಟ್ಲಿ ನಾರ್ಮಲ್" ಎಂದು ಡಾಕ್ಟರ್ ಹೇಳಿದಾಗಲೇ ನನಗೆ ಹೊಳೆದದ್ದು. ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ನರ್ಸುಗಳೂ ನಕ್ಕರು. ಅಷ್ಟರಲ್ಲಿ ಗಾಯ ನೋಡುವ ಸರ್ಜರಿ ಒ.ಪಿ. ಮುಚ್ಚಿತ್ತು. ನಾಳೆ ಬನ್ನಿ, ಎಲ್ಲ ಫ್ರೀ ಎಂದರು.

"ನನ್ನನ್ನು ನೋಡಿ ನಗುವಲ್ಲಿಗೆ ಫ್ರೀಯಾದರೂ ಬರುವುದಿಲ್ಲ" ಎಂದರು ಅತ್ತಿಗೆ.

ಕುಂಜತ್ತೂರಿನಲ್ಲಿ ಅವರ ನೆರೆಮನೆಯವನು ಇನ್ಶೂರೆನ್ಸ್ ಏಜೆಂಟ್. ಸುದ್ದಿ ಸಿಕ್ಕಿದ್ದೇ ತಡ, ಬ್ಯಾಗು ಹಿಡಿದು ಹಾಜರು. "ಮಂಗಳೂರಿನ ಪ್ರೈವೇಟ್ ಆಸ್ಪತ್ರೆಯಲ್ಲಿ ತುಳುವೂ ನಡೀತದೆ, ಕನ್ನಡವೂ ಉಂಟು ಅಕ್ಕ. ಕಾರ್ಡ್ ತೋರಿಸಿದರೆ ಆಯ್ತು. ಪಾಲಿಸಿ ಮಾಡಿಸಿದ ಮೊದಲ ಒಂದು ತಿಂಗಳು ಮಾತ್ರ ಏನೂ ಸಿಗುವುದಿಲ್ಲ." ಆ ಕೊನೆಯ ಮಾತನ್ನು ಆ ಶನಿ ಎಷ್ಟು ಹಗುರವಾಗಿ ಹೇಳಿದ!

"ಕಾಲು ಒಂದು ತಿಂಗಳು ಕಾಯ್ತದಾ ಅತ್ತಿಗೆ? ನಾಳೆ ನಾನು ಬರ್ತೇನೆ, ನಾನೇ ಮಾತಾಡ್ತೇನೆ" ಎಂದೆ.

"ನೀನು ಮಾತಾಡ್ಲಿಕ್ಕೆ ಕಾಲು ನಿನ್ನದಾ? ನನ್ನ ನೋವು ನನಗೇ ಹೇಳ್ಲಿಕ್ಕೆ ಆಗುವಲ್ಲಿಗೆ ಹೋಗ್ತೇನೆ ಮಾರಾಯ್ತಿ."

ಪಾಲಿಸಿಗೆ ಸಹಿ ಹಾಕಿ, ಅರಸಿನ, ಬೇವಿನೆಲೆ ಅರೆದು ಹಚ್ಚಿಕೊಂಡು ಅವರು ಕಾದರು. ನಾನು ಹೋದಾಗಲೆಲ್ಲ ಸೀರೆಯನ್ನು ಕಾಲಿನ ಮೇಲೆ ಎಳೆದುಕೊಳ್ಳುತ್ತಿದ್ದರು. ವಾಸನೆಯನ್ನು ಮುಚ್ಚಲು ಯಾವ ಸೀರೆಯಿಂದ ಆಗುತ್ತದೆ? ಸರಕಾರವೇ ಚಿಕಿತ್ಸೆ ಕೊಡುವಾಗ ಜನ ಯಾಕೆ ಪಾಲಿಸಿಗೆ ದುಡ್ಡು ಸುರಿಯುತ್ತಾರೆ ಎಂದು ಟಿವಿಯಲ್ಲಿ ಕೋಟು ಹಾಕಿದವರು ಚರ್ಚಿಸುತ್ತಾರೆ. ಕ್ವಾಲಿಟಿಯಂತೆ, ಚಾಯ್ಸಂತೆ. ರಬ್ಬಿಶ್! ಆ ನಗುವನ್ನು ಅವರು ಕೇಳಿಲ್ಲ.

ತಿಂಗಳು ತುಂಬಿದ ಬೆಳಿಗ್ಗೆ ಏಜೆಂಟನೇ ಕಾರು ತಂದ. ಅತ್ತಿಗೆ ಹಿಂದಿನ ಸೀಟಿನಲ್ಲಿ, ಕಾಲು ದಿಂಬಿನ ಮೇಲೆ. ಹತ್ತಲು ನಾನೂ ಬಾಗಿಲು ಹಿಡಿದಿದ್ದೆ.

ಅವನು ಪಾಠ ಹೇಳಿಕೊಡುತ್ತಿದ್ದ. "ಗಾಯ ಯಾವಾಗ ಆದದ್ದು ಕೇಳಿದರೆ ಮೊನ್ನೆ ಅನ್ನಿ. ಶುಗರಿನ ವಿಷಯ ಬೇಡವೇ ಬೇಡ, ಮೊದಲೇ ಇದ್ದ ಕಾಯಿಲೆಗೆ ಕಂಪೆನಿ ದುಡ್ಡು ಕೊಡುವುದಿಲ್ಲ. ನಾನು ಮಾತಾಡ್ತೇನೆ, ನೀವು ಸುಮ್ಮನಿರಿ ಅಕ್ಕ."

ಅತ್ತಿಗೆ ಶಾಲೆ ಮಕ್ಕಳ ಹಾಗೆ ತಲೆಯಾಡಿಸಿದರು. "ಡಾಕ್ಟರಿಗೂ ಸುಳ್ಳು ಹೇಳುವುದಾ?" ಎಂದೆ ನಾನು.

"ಇವಳನ್ನು ಹತ್ತಿಸಬೇಡ. ಅಲ್ಲಿ ಇವಳು ನಿಜ ಹೇಳ್ತಾಳೆ" ಎಂದು ಅತ್ತಿಗೆ ನನ್ನ ಕೈ ಸರಿಸಿ ಬಾಗಿಲು ಎಳೆದುಕೊಂಡರು. ಗಾಜು ಮೇಲೇರಿತು. ಕಾರು ಗಡಿ ದಾಟುವ ತಲಪಾಡಿಯ ಕಡೆಗೆ ತಿರುಗುವಾಗಲೂ ಅವರು ನನ್ನತ್ತ ನೋಡಲಿಲ್ಲ. ಜೀವಂತ ಅತ್ತಿಗೆಯನ್ನು ನಾನು ಕಂಡದ್ದು ಅದೇ ಕೊನೆ.